ಬರಬ್ಯಾಡ್ರಿ ಅಂತ ಡಂಗುರ ಹೊಡೆಸಿದ್ದು

ಎಂಬತ್ತೊಂದನೆಯ ಇಸವಿಯ ಮಳೆಗಾಲದಲ್ಲಿ, ಮುಂಬಯಿಯಿಂದ ಸೊಲ್ಲಾಪುರದವರೆಗೆ ಕಂಡಕಂಡವರ ಕಣ್ಣೆಲ್ಲ ಕೆಂಪಾಗಿದ್ದಾಗ, ನಮ್ಮ ಗೊಬ್ಬೂರಿನಲ್ಲಿ ಮಾತ್ರ ಒಂದೇ ಒಂದು ಕಣ್ಣೂ ಕೆಂಪಾಗಕೂಡದು ಎಂದು ನಾನು ಶಪಥ ಮಾಡಿದೆ! ಕಣ್ಣಬೇನೆ ದೇಶದೇಶಗಳನ್ನು ಗೆದ್ದುಕೊಂಡು ಬರುತ್ತಿದೆ ಎಂದು ರೇಡಿಯೋ ದಿನಾ ಹೇಳುತ್ತಿತ್ತು. ಗೆಲ್ಲಲಿ ಬಿಡಿ. ಅದಿನ್ನೂ ಬಸವಂತರಾಯ ಮಾಸ್ತರನನ್ನು ನೋಡಿರಲಿಲ್ಲ. ಅಫಜಲಪುರ ತಾಲೂಕಿನಲ್ಲಿ ನನ್ನ ಕೈಯಲ್ಲಿ ಮಗ್ಗಿ ಕಲಿಯದವರು ಕಡಿಮೆ, ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳದವರು ಇನ್ನೂ ಕಡಿಮೆ. ಅಂಥ ಕೈಗೆ ಒಂದು ಬೇನೆ ಯಾವ ಲೆಕ್ಕ?

ಶಪಥವನ್ನು ಮೊದಲು ಕೇಳಿಸಿಕೊಂಡವಳು ನನ್ನ ಹೆಂಡತಿ ಸುಭದ್ರಾಬಾಯಿ.

“ಮನ್ಯಾಗಿನ ಬೆಕ್ಕು ತಡಿಯಾಕ ಆಗಂಗಿಲ್ಲ ನಿಮಗ, ದೇಶದ ಬ್ಯಾನಿ ತಡೀತೀರೇನು?” ಎಂದಳು.

“ಸುಭದ್ರಾ, ಹೆಂಡ್ತಿ ಮಾತು ಕೇಳಿ ಯುದ್ಧಾ ಗೆದ್ದವರು ಚರಿತ್ರೆದಾಗ ಒಬ್ಬರೂ ಇಲ್ಲ!”

“ಕೇಳದನ ಸೋತವರು ರಗಡ ಅದಾರ. ಹಾಲಿನ ಮ್ಯಾಲ ಬುಟ್ಟಿ ಡಬ್ಬ ಹಾಕಿ ಬರ್ರಿ.”

ಹಾಕಿ ಬಂದೆ. ನಗುವವರು ನಗಲಿ, ಆ ಶಪಥದ ಹಿಂದೆ ಬರಿಯ ಜಂಬವಿರಲಿಲ್ಲ. ನನ್ನ ಅವ್ವ ಹೀರಾಬಾಯಿಯ ಎರಡೂ ಕಣ್ಣಿಗೆ ಪೊರೆ ಬಂದು ನಾಲ್ಕೈದು ವರ್ಷವಾಗಿತ್ತು. ಹೆಜ್ಜೆಯ ಸಪ್ಪಳದಿಂದ ನನ್ನನ್ನು, ಬಳೆಯ ಸಪ್ಪಳದಿಂದ ಸೊಸೆಯನ್ನು ಗುರುತು ಹಿಡಿಯುತ್ತಿದ್ದಳು. ಉಳಿದ ಲೋಕವೆಲ್ಲ ಅವಳ ಪಾಲಿಗೆ ಮಂಜಿನಲ್ಲಿ ನಿಂತಿತ್ತು. ಸಂಜೆ ಬಾಗಿಲ ಕಡೆ ಮುಖ ಮಾಡಿ ಕುಳಿತು, “ಯಾರೋ ಹೋದ್ರಲ್ಲ, ಯಾರದು?” ಎಂದು ಕೇಳುವಳು. ಹೇಳಿದರೆ ಆ ಹೆಸರಿಗೆ ಹಳೆಯ ಮುಖವೊಂದನ್ನು ಮನಸ್ಸಿನಲ್ಲೇ ಹುಡುಕಿ ತೊಡಿಸುವಳು.

ದಸರೆ ಆದ ಮೇಲೆ ಅಫಜಲಪುರದಲ್ಲಿ ಕಣ್ಣಿನ ಆಪರೇಷನ್ನಿನ ಶಿಬಿರವಿತ್ತು. ಅವ್ವನನ್ನು ಮೊದಲೇ ಕರೆದೊಯ್ದು ತೋರಿಸಿದಾಗ ಡಾಕ್ಟರರು ಬ್ಯಾಟರಿ ಹಾಕಿ ನೋಡಿ, “ಪೊರೆ ಪೂರ್ತಿ ಹಣ್ಣಾಗಿದೆ. ಈ ಸಲ ತೆಗೆಯಲೇಬೇಕು. ಮುಂದಿನ ವರ್ಷಕ್ಕೆ ಬಿಟ್ಟರೆ ಕಣ್ಣು ಉಳಿಯುತ್ತದೆ ಅಂತ ನಾನು ಹೇಳಲಾರೆ” ಎಂದರು. ನನಗೆ ಆನಂದವಾಯಿತು. ಆಮೇಲೆ ಅವರು ಇನ್ನೊಂದು ಮಾತು ಸೇರಿಸಿದರು: “ಆದರೆ ಈ ಕಣ್ಣಬೇನೆ ಹತ್ತಿದವರನ್ನು ನಾವು ಮುಟ್ಟೋದಿಲ್ಲ. ಅಷ್ಟರವರೆಗೆ ಇವರನ್ನು ಜೋಪಾನವಾಗಿ ನೋಡಿಕೊಳ್ಳಿ.”

ಜೋಪಾನ! ಆ ಶಬ್ದ ಕೇಳಿದ್ದೇ ತಡ, ನನ್ನ ಎದೆ ಉಬ್ಬಿತು. ಒಬ್ಬಳು ಅವ್ವನನ್ನೇನು, ಅವಳ ಸುತ್ತ ಇಡೀ ಊರನ್ನೇ ಜೋಪಾನ ಮಾಡಿಬಿಡುತ್ತೇನೆ ಎಂದುಕೊಂಡೆ.

ಮರುದಿನವೇ ಡಂಗುರದ ಮಲ್ಲಣ್ಣನನ್ನು ಕರೆಸಿ ಊರಿಗೆಲ್ಲ ನನ್ನ ಹುಕುಂ ಸಾರಿಸಿದೆ. ಬೇನೆ ಹೋಗುವ ತನಕ ಒಬ್ಬರ ಮನೆಗೊಬ್ಬರು ಹೋಗಬಾರದು. ಒಬ್ಬರ ಟಾವೆಲ್ಲು ಇನ್ನೊಬ್ಬರು ಮುಟ್ಟಬಾರದು. ಕಣ್ಣು ಬಂದವರು ಮನೆ ಬಿಟ್ಟು ಹೊರಬೀಳಬಾರದು. ಚಾವಡಿ ಕಟ್ಟೆಯ ಮೇಲೆ ನಿಂತು ನಾನೂ ಒಂದು ಭಾಷಣ ಬಿಗಿದೆ. ನನ್ನ ಜೊತೆ ಮಾಸ್ತರಕಿ ಮಾಡುವ ಜಹೀರುದ್ದೀನ ಅದನ್ನು ದಖನಿ ಉರ್ದುವಿನಲ್ಲಿ ಇನ್ನೊಮ್ಮೆ, ನನ್ನ ಅರ್ಧದಷ್ಟು ಸಮಯದಲ್ಲಿ ಹೇಳಿ ಮುಗಿಸಿದ.

ಊರು ಕೇಳಿತೇ? ಕೇಳಿತು ಸ್ವಾಮಿ! ಇದೇ ಆಶ್ಚರ್ಯ. ಬೀಗರು ಬಂದರೆ ಊರಬಾಗಿಲ ಅಗಸಿಯಿಂದಲೇ ಕುಶಲ ಕೇಳಿ ಕಳಿಸಿದರು. ಹೋಟೆಲಿನಲ್ಲಿ ಚಹಾ ಕುಡಿಯುವವರು ಮಾರು ದೂರ ಕುಳಿತು, ಬೀಡಿಗೆ ಬೆಂಕಿ ಕೊಡುವಾಗ ಕೊಳ್ಳಿಯನ್ನು ನೆಲದ ಮೇಲಿಟ್ಟು ಸರಿದು ನಿಲ್ಲುತ್ತಿದ್ದರು. ಮಾತಿಲ್ಲದೆ ಇರಲಾಗದ ಹೆಂಗಸರು ಸಂಜೆಯಾದರೆ ಮಾಳಿಗೆ ಏರುತ್ತಿದ್ದರು. ಆ ದಿನಗಳ ಸಂಜೆ ನನಗೆ ಈಗಲೂ ಕಣ್ಣ ಮುಂದಿದೆ. ಮಳೆ ತೊಳೆದ ಆಕಾಶ, ಕೆಳಗೆ ಓಣಿಗಳೆಲ್ಲ ಖಾಲಿ ಖಾಲಿ, ಮೇಲೆ ಮಾತ್ರ ಮಾಳಿಗೆಯಿಂದ ಮಾಳಿಗೆಗೆ ಸಾರಿನ ಸುದ್ದಿ, ಸೊಸೆಯ ಸುದ್ದಿ ತೇಲಿ ಹೋಗುತ್ತಿದ್ದವು. ತೊಗರಿ ಹೊಲದ ಮೇಲಿಂದ ತಂಪು ಗಾಳಿ ಬರುತ್ತಿತ್ತು. ಇಡೀ ಊರು ನೆಲ ಬಿಟ್ಟು ಒಂದು ಮೊಳ ಮೇಲೆದ್ದಿದೆ ಎನಿಸಿ, ಅದನ್ನು ಎತ್ತಿ ಹಿಡಿದವನು ನಾನೇ ಎಂದುಕೊಂಡು ನನ್ನ ಮಾಳಿಗೆಯ ಮೇಲೆ ಕೈಕಟ್ಟಿ ನಿಂತಿರುತ್ತಿದ್ದೆ.

ಒಳಗೆ ಇಷ್ಟು ಬಂದೋಬಸ್ತಾದ ಮೇಲೆ ಹೊರಗಿನದು ಉಳಿಯಿತು. ಅಕ್ಕಲಕೋಟೆಯ ಕಡೆಯಿಂದ ದಿನಾ ಒಂದು ಬಸ್ಸು ಬರುತ್ತಿತ್ತು. ಶತ್ರು ಬಂದರೆ ಅದರಲ್ಲೇ ಬರಬೇಕು! ಶಾಲೆ ಬಿಟ್ಟೊಡನೆ ಅಗಸಿಗೆ ಹೋಗಿ ಬಸ್ಸಿನ ಬಾಗಿಲಲ್ಲಿ ನಿಂತುಬಿಟ್ಟೆ. ಇಳಿಯುವ ಪ್ರತಿಯೊಬ್ಬರ ಕೆಳರೆಪ್ಪೆಯನ್ನೂ ನನ್ನ ಹೆಬ್ಬೆರಳಿನಿಂದ ಎಳೆದು, ಒಳಗೆ ಇಣುಕಿ, “ಹೂಂ, ನಡಿ” ಎನ್ನುವವರೆಗೆ ಯಾರೂ ನೆಲಕ್ಕೆ ಕಾಲಿಡುವಂತಿರಲಿಲ್ಲ.

“ಎತ್ತಿನ ಹಲ್ಲು ನೋಡಿದಂಗ ಮಂದಿ ಕಣ್ಣು ನೋಡಾಕತ್ತೀರಲ್ಲ ಮಾಸ್ತರ,” ಎಂದ ಜಹೀರುದ್ದೀನ. “ಆ ಹೆಬ್ಬಟ್ಟಿಗೆ ಒಂದೀಟು ಸಾಬಣ ಹಚ್ರಿ.”

“ಕಾವಲು ನಿಂತ ಸಿಪಾಯಿ ನಡುವ ಕೈ ತೊಳಿಯಾಕ ಹೋಗ್ತಾನೇನು?”

ಅಷ್ಟು ಹೇಳಿ, ಡ್ರೈವರನ ಕಣ್ಣು ನೋಡಿದೆ. ಸ್ವಲ್ಪ ಕೆಂಪಿದ್ದವು. ಅವನನ್ನು ಬಸ್ಸಿನಿಂದ ಇಳಿಯಗೊಡದೆ ಗದರಿಸಿ, ಗೆದ್ದ ಸಂತೋಷದಲ್ಲಿ ಬೆವರು ಒರೆಸಿಕೊಂಡು, ಅದೇ ಹೆಬ್ಬೆರಳಿನಿಂದ ನನ್ನ ಕಣ್ಣು ತಿಕ್ಕಿಕೊಂಡೆ.

ಎರಡು ದಿನ ಕಳೆದು ಬೆಳಿಗ್ಗೆ ಏಳುತ್ತೇನೆ, ರೆಪ್ಪೆಗಳು ಬಿಚ್ಚಲೊಲ್ಲವು! ನೀರು ಹಚ್ಚಿ ಬಿಡಿಸಿದರೆ ಗೋಡೆ, ಗೂಟ, ಹೆಂಡತಿ ಎಲ್ಲವೂ ಗುಲಾಬಿ ಬಣ್ಣ. ಒಳಗೆ ಮರಳು ಹಾಕಿ ಅರೆದ ಹಾಗೆ ಉರಿ. ಸುಭದ್ರಾಬಾಯಿ ನನ್ನ ಮುಖ ನೋಡಿದಳು. ನಗುತ್ತಾಳೆಂದು ಕಾದೆ. ನಗಲಿಲ್ಲ.

“ಅತ್ತಿ ಒಳಗ ಅದಾರ,” ಎಂದಳು ಮೆಲ್ಲಗೆ.

ಊರಿಗೆ ಮಾಡಿದ ಕಾಯಿದೆ ಈಗ ನನಗೇ ಬಂತು. ಸರಿ, ಕಾಯಿದೆ ಎಂದರೆ ಹೇಗೆ ಪಾಲಿಸಬೇಕೆಂಬುದನ್ನು ಜಗತ್ತಿಗೆ ತೋರಿಸುವ ಅವಕಾಶ! ಒಳಕೋಣೆ ಅವ್ವನಿಗೆ ಬಿಟ್ಟು, ಪಡಸಾಲೆಯಲ್ಲಿ ಹೊರಸು ಹಾಕಿಸಿ, ಕಣ್ಣ ಮೇಲೆ ಗುಲಾಬಿ ನೀರಿನ ಬಟ್ಟೆ ಇಟ್ಟುಕೊಂಡು ಮಲಗಿದೆ. ಮಲ್ಲಣ್ಣನನ್ನು ಕರೆಸಿ ಬಾಗಿಲ ಹೊರಗೇ ನಿಲ್ಲಿಸಿದೆ.

“ಏನಂತ ಸಾರಲ್ರಿ?”

“ಬಸವಂತರಾಯ ಮಾಸ್ತರಿಗೆ ಕಣ್ಣು ಬಂದಾವ. ಯಾರೂ ಮಾತಾಡ್ಸಾಕ ಬರಬ್ಯಾಡ್ರಿ, ತ್ರಾಸ ತಗೋಬ್ಯಾಡ್ರಿ ಅಂತ ಕೈ ಮುಗಿದು ಕೇಳ್ಕೊಂಡಾರ. ಹಂಗ ಸಾರು.”

“ಕೈ ಮುಗಿದು?”

“ಹೌದೋ. ಮಂದಿ ಮನಸಿಗೆ ನಾಟಬೇಕು.”

ನಾಟಿತು. ನಾಟಬೇಕಾದದ್ದಕ್ಕಿಂತ ಆಳವಾಗಿ ನಾಟಿತು! ನಮ್ಮ ಸೀಮೆಯಲ್ಲಿ ಹುಟ್ಟಿ, ಇಲ್ಲಿಯ ನೀರು ಕುಡಿದು ಬೆಳೆದ ನಾನು ಒಂದು ಮಾತು ಹೇಗೆ ಮರೆತೆನೋ ದೇವರೇ ಬಲ್ಲ. ಜಡ್ಡಾದವರನ್ನು ಹೋಗಿ ಮಾತಾಡಿಸಿ ಬರುವುದು ನಮ್ಮಲ್ಲಿ ಸಾಲ ತೀರಿಸಿದಷ್ಟೇ ಕಡ್ಡಾಯ. ಜಡ್ಡಾದವನು ಯಾವತ್ತೂ “ಬರ್ರಿ” ಎಂದು ಹೇಳಿ ಕಳಿಸುವುದಿಲ್ಲ. “ಬರಬ್ಯಾಡ್ರಿ, ಯಾಕ ತ್ರಾಸ” ಎಂದೇ ಹೇಳಿ ಕಳಿಸುತ್ತಾನೆ. ಅದನ್ನು ಕೇಳಿಯೂ ಹೋಗದವನು ಸಂಬಂಧ ಕಡಿದುಕೊಂಡ ಹಾಗೆ. ಸಾಮಾನ್ಯರು ಈ ಮಾತನ್ನು ಅವರಿವರ ಬಾಯಿಂದ ಹೇಳಿಸುತ್ತಾರೆ. ನಾನು ಹಲಗೆ ಬಡಿಸಿ, ಕೈ ಮುಗಿದು, ಓಣಿ ಓಣಿಗೂ ಹೇಳಿಸಿದ್ದೆ!

ಮೊದಲು ಬಂದವನು ಮಲ್ಲಣ್ಣನೇ. ಹಲಗೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಬಂದು ಹೊರಸಿನ ಪಕ್ಕ ಕುಳಿತ.

“ಸಾರಿ ಬಂದೆ ರೀ. ಮತ್ತ, ಹೆಂಗದಾವ ಕಣ್ಣು?”

“ಬರಬ್ಯಾಡ್ರಿ ಅಂತ ಸಾರಿದವನು ನೀನ ಅಲ್ಲೇನೋ!”

“ಅದು ಊರಿಗೆ ಹೇಳಿದ್ದು ರೀ. ನಾ ಏನು ಹೊರಗಿನವನೇನು?”

ಊರಲ್ಲಿ ಒಬ್ಬರೂ ಹೊರಗಿನವರಲ್ಲ ಎಂಬುದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಬಂದರು. ಗಂಡಸರು ಬಂದರು, ಸೆರಗು ಹೊದ್ದು ಹೆಂಗಸರು ಬಂದರು, ನನ್ನ ಕೈಯಲ್ಲಿ ಏಟು ತಿಂದು ಈಗ ಮೀಸೆ ಬಿಟ್ಟವರು ಬಂದರು. ಹದಿನೈದು ದಿನ ಒಬ್ಬರ ಮುಖ ಒಬ್ಬರು ಹತ್ತಿರದಿಂದ ನೋಡದ ಜನಕ್ಕೆ ನನ್ನ ಪಡಸಾಲೆ ದೊಡ್ಡ ಅನುಕೂಲವಾಯಿತು. ಒಬ್ಬರಿಗೊಬ್ಬರು ತೊಡೆಗೆ ತೊಡೆ ಹಚ್ಚಿ ಕುಳಿತು ಹದಿನೈದು ದಿನದ ಸುದ್ದಿಯನ್ನು ಬಿಚ್ಚಿದರು. ನಾನು ಏಳಲು ಹೋದರೆ ಭುಜ ಒತ್ತಿ ಮಲಗಿಸುವರು. ಗದರಿಸಿದರೆ, “ಡಂಗುರ ಹೊಡಿಸಿ ಬ್ಯಾಡ ಅಂದೀರಿ ಅಂದ್ರ ಎಷ್ಟು ದೊಡ್ಡ ಗುಣ ರೀ ನಿಮ್ಮದು!” ಎಂದು ಕಣ್ಣೊರೆಸಿಕೊಳ್ಳುವರು.

“ಅಲ್ಲಪಾ, ಒಬ್ಬರ ಮನೀಗೊಬ್ಬರು ಹೋಗಬಾರದು ಅಂತ ಕಾಯಿದೆ ಇತ್ತಲ್ಲ!” ಎಂದೆ ತೊಗರಿ ವ್ಯಾಪಾರದ ಲಾಲಸಾಬನಿಗೆ.

“ಖರೇ ರೀ, ಯಾರ ಮನೀಗೂ ಹೋಗಿಲ್ಲ. ಖಾಲಿ ನಿಮ್ಮ ಮನೀಗಷ್ಟ ಬಂದೇವಿ,” ಎಂದ ಅವನು ಸಮಾಧಾನ ಹೇಳುವವನಂತೆ.

ಸುಭದ್ರಾಬಾಯಿ ಏನು ಮಾಡಿಯಾಳು? ಮನೆಗೆ ಬಂದವರಿಗೆ ಕಾಲಿಗೆ, ಮುಖಕ್ಕೆ ನೀರು ಕೊಡದೆ, ಚಹಾ ಕೊಡದೆ ಕಳಿಸಿದ ಅಪಕೀರ್ತಿ ನಮ್ಮ ಮನೆತನಕ್ಕಿರಲಿಲ್ಲ. ಬಾಗಿಲಲ್ಲಿ ತಂಬಿಗೆ ಇಟ್ಟಳು, ಬಂದವರು ಮುಖ ತೊಳೆದರು, ತೊಳೆದವರು ಒರೆಸಿಕೊಂಡರು. ಯಾವುದರಿಂದ ಒರೆಸಿಕೊಂಡರು ಎಂಬುದನ್ನು ನಾನು ನೋಡಲಿಲ್ಲ, ನನ್ನ ಕಣ್ಣ ಮೇಲೆ ಗುಲಾಬಿ ನೀರಿನ ಬಟ್ಟೆ ಇತ್ತು.

ಆ ಬಟ್ಟೆಯ ಕೆಳಗಿನ ಲೋಕವೇ ಬೇರೆ. ಮಧ್ಯಾಹ್ನದ ಹೊತ್ತು, ಗುಲಾಬಿಯ ತಂಪು, ಬೆಲ್ಲದ ಚಹಾದ ಘಮ, ಎಲ್ಲ ದನಿಗಳೂ ಕಲೆತು ಜೇನುಹುಟ್ಟಿನ ಹಾಗೆ ಗುಂಯ್‌ಗುಡುತ್ತಿದ್ದವು. ತಂಬಿಗೆಯಿಂದ ನೀರು ಸುರಿಯುವ ಸಪ್ಪಳ ಕೇಳುತ್ತ ಕೇಳುತ್ತ ನಾನು ತೇಲಿ ಹೋದೆ. ಎಲ್ಲಿ ಹೋದೆ? ಗುಲಬರ್ಗಾಕ್ಕೆ! ದೊಡ್ಡ ಚಪ್ಪರ. ಜಿಲ್ಲೆಯ ಜನವೆಲ್ಲ ಸಾಲಾಗಿ ಬಂದಿದೆ, ಎಲ್ಲರ ಕಣ್ಣೂ ಮಲ್ಲಿಗೆ ಮೊಗ್ಗಿನಷ್ಟು ಬಿಳುಪು. ಮುಂದೆ ಅವ್ವ ಕುಳಿತಿದ್ದಾಳೆ, ನನ್ನನ್ನು ನೋಡುತ್ತಿದ್ದಾಳೆ, ನಿಜವಾಗಿ ನೋಡುತ್ತಿದ್ದಾಳೆ. ಕಲೆಕ್ಟರ್ ಸಾಹೇಬರು ಬಂದು ನನಗೆ ಶಾಲು ಹೊದಿಸಿದರು. ಶಾಲು ಯಾಕೋ ಒದ್ದೆ ಇತ್ತು. ಸಾಹೇಬರು ಅದೇ ಶಾಲಿನ ಅಂಚಿನಿಂದ ತಮ್ಮ ಮುಖ ಒರೆಸಿಕೊಂಡರು. ಅವರ ಹಿಂದೆ ನಿಂತವರೂ ಒರೆಸಿಕೊಂಡರು. ಸಾಲು ಮುಂದೆ ಸರಿಯುತ್ತಲೇ ಇತ್ತು...

ಧಡಕ್ಕನೆ ಎಚ್ಚರವಾಯಿತು. ಬಟ್ಟೆ ಸರಿಸಿ ಮಸಕು ಮಸಕಾಗಿ ನೋಡಿದರೆ, ಲಾಲಸಾಬ ನನ್ನ ದಿಂಬಿನ ಬಳಿಯ ಟಾವೆಲ್ಲಿನಿಂದ, ಬೆಳಗಿನಿಂದ ನಾನು ಕಣ್ಣೊರೆಸಿಕೊಂಡ ಆ ಟಾವೆಲ್ಲಿನಿಂದ, ಹಾಯಾಗಿ ಮುಖ ಒರೆಸುತ್ತಿದ್ದ!

“ಲಾಲಸಾಬ! ಆ ಟಾವೆಲ್!”

“ಇರಲಿ ಬಿಡ್ರಿ, ನಾನ ತಗೊಂಡೇನಿ. ನೀವು ಏಳಬ್ಯಾಡ್ರಿ,” ಎಂದು ಒರೆಸಿ, ಪಕ್ಕದವನ ಕೈಗೆ ಕೊಟ್ಟ. ಅದು ಹೀಗೆ ಬೆಳಗಿನಿಂದ ಪಡಸಾಲೆಯನ್ನು ಎಷ್ಟು ಸಲ ಸುತ್ತಿ ಬಂದಿತ್ತೋ!

ಒಳಕೋಣೆಯ ಕಡೆ ತಿರುಗಿ, “ಅವ್ವಾ, ಹೊರಗ ಬರಬ್ಯಾಡ! ಯಾರನ್ನೂ ಮುಟ್ಟಬ್ಯಾಡ!” ಎಂದು ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ.

“ಅತ್ತಿ ಸಿಟ್ಟಾಗ್ಯಾರ,” ಎಂದಳು ಸುಭದ್ರಾಬಾಯಿ ಬಾಗಿಲಲ್ಲಿ ಅಡ್ಡ ನಿಂತು. “ಈ ಗದ್ದಲಕ್ಕ ತಲಿ ನೋಯ್ತದಂತ. ಕರೀಬ್ಯಾಡ್ರಿ ಅವರನ್ನ.”

ಸಿಟ್ಟಾಗದೆ ಇರುತ್ತಾಳೆಯೇ ಎಂದುಕೊಂಡು ಬಟ್ಟೆಯನ್ನು ಮತ್ತೆ ಕಣ್ಣ ಮೇಲೆ ಎಳೆದುಕೊಂಡೆ.

ಊರು ಮುಗಿಯಿತು ಎನ್ನುವಾಗ ಪರ ಊರು ಶುರುವಾಯಿತು. ನನ್ನ ಸುದ್ದಿ ಬಸ್ಸು ಹತ್ತಿತ್ತು. ಜೇವರ್ಗಿ ಮುಟ್ಟುವಾಗ ಮಾಸ್ತರನ ಒಂದು ಕಣ್ಣು ಹೋಗಿತ್ತು, ಯಡ್ರಾಮಿ ಮುಟ್ಟುವಷ್ಟರಲ್ಲಿ ಎರಡೂ. ಯಡ್ರಾಮಿಯ ನನ್ನ ಸೋದರಮಾವ ದೌಲತರಾಯ ಟೆಂಪೋ ಮಾಡಿಸಿಕೊಂಡು, ಬಳಗವನ್ನೆಲ್ಲ ತುಂಬಿಕೊಂಡು ಬಂದ. ಬಾಗಿಲಲ್ಲೇ “ಬಸವಂತಾ!” ಎಂದು ಗೋಳಾಡಿ, ನನ್ನನ್ನು ಎದೆಗವಚಿಕೊಂಡು, ಕೆನ್ನೆಗೆ ಕೆನ್ನೆ ಹಚ್ಚಿ ಅತ್ತ.

“ಮಾವಾ, ನನಗ ಕಾಣ್ತದ. ನೀ ತಲಿಗೆ ಹಳದಿ ರುಂಬಾಲ ಸುತ್ಕೊಂಡಿ.”

“ಧೈರ್ಯ ಹೇಳಾಕ ಸುಳ್ಳು ಹೇಳಬ್ಯಾಡ ತಮ್ಮಾ,” ಎಂದು ಮಾವ ಇನ್ನೂ ಜೋರಾಗಿ ಅತ್ತು, ಕುರುಡರು ಹಿಡಿಯುವ ಒಂದು ಒಳ್ಳೆಯ ಬೆತ್ತದ ಕೋಲನ್ನು ನನ್ನ ಕೈಗಿಟ್ಟ. ಆಮೇಲೆ ಅವನ ಇಡೀ ಬಳಗ ಮುಖ ತೊಳೆದುಕೊಂಡಿತು.

ವಾರ ತುಂಬುವುದರೊಳಗೆ ನನ್ನ ಕಣ್ಣು ತಿಳಿಯಾಗತೊಡಗಿದವು. ಊರಿನ ಕಣ್ಣು ಕೆಂಪಾದವು. ಯಾವ ಮಾಳಿಗೆ ನೋಡಿದರೂ ಒದ್ದೆ ಬಟ್ಟೆ ಕಣ್ಣಿಗೊತ್ತಿಕೊಂಡು ಕುಳಿತವರು. ಶಾಲೆಗೆ ಬೀಗ ಬಿತ್ತು. ಜಹೀರುದ್ದೀನ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಕಟ್ಟೆಯಾಚೆ ನಿಂತ.

“ಮುಬಾರಕ್ ಹೋ ಮಾಸ್ತರ! ಊರಾಗ ನಿಮ್ಮ ಕಣ್ಣಷ್ಟು ಬೆಳ್ಳಗ ಆಗಾಕತ್ತಾವ!”

ನಾನು ಟಾವೆಲ್ಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಅದೇ ಮುಂಜಾನೆ, ಆಪರೇಷನ್ನಿಗೆ ಬರುವವರನ್ನು ಊರೂರಿಗೆ ಹೋಗಿ ಮೊದಲೇ ನೋಡಿ ಆರಿಸುವ ಶಿಬಿರದ ಜೀಪು ಬಂತು. ಡಾಕ್ಟರರೂ ನರ್ಸಬಾಯಿಯೂ ಅಗಸಿಯಲ್ಲಿ ಇಳಿದರು. ಎದುರಾದವರ ಕಣ್ಣು ನೋಡಿದರು. ಇನ್ನೊಬ್ಬರ ಕಣ್ಣು ನೋಡಿದರು. ಮುಂದೆ ನೋಡುವ ಗೋಜಿಗೆ ಹೋಗದೆ, “ಈ ಊರಿನಿಂದ ಯಾರೂ ಶಿಬಿರಕ್ಕೆ ಬರೋದು ಬೇಡ. ಅಲ್ಲಿ ಮಲಗಿದವರಿಗೆಲ್ಲ ಹತ್ತಿಬಿಡುತ್ತದೆ” ಎಂದರು. ನಾನು ಓಡಿ ಹೋಗಿ ಅವ್ವನ ಹೆಸರು ಹೇಳಿದೆ. ಅವರು ನನ್ನ ಕಣ್ಣನ್ನೇ ನೋಡಿ, “ನಿಮ್ಮ ಮನೆಯಲ್ಲೇ ಬೇನೆ ಇದೆಯಲ್ಲ, ಮಾಸ್ತರೇ. ಹೇಗೆ ಕರೆದುಕೊಳ್ಳಲಿ?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಮನೆಗೆ ಹೇಗೆ ಬಂದೆನೋ ತಿಳಿಯದು. ನೆಟ್ಟಗೆ ಒಳಕೋಣೆಗೆ ಹೋದೆ. ಬೆಳಕಿಲ್ಲದ ಕೋಣೆ, ನನ್ನ ಕಣ್ಣೋ ಇನ್ನೂ ಮಂಜು. ಮೂಲೆಯ ಹೊರಸಿನ ಮೇಲೆ ಅವ್ವ ಕೌದಿ ಮುಚ್ಚಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕಾಲ ಬಳಿ ಕುಳಿತೆ.

“ಅವ್ವಾ, ನಿನ್ನ ಕಣ್ಣಿಗೆ ಬೆಳಕ ತರತೇನಿ ಅಂತ ಹೊಂಟವ ನಾನು. ನನ್ನ ಡೌಲಿಗೆ ನಿನ್ನ ಕಣ್ಣ ಕಳದೆ. ಊರಿಗೆ ಬುದ್ಧಿ ಹೇಳಿದೆ, ನನಗ ಬುದ್ಧಿ ಬರಲಿಲ್ಲ. ಬೈದರ ಬೈ, ಆದ್ರ ಒಂದ ಸಲ ಮಾತಾಡು.”

ಅವ್ವ ಮಿಸುಕಲಿಲ್ಲ. ನಾನು ಅತ್ತೆ. ಕಾಲು ಹಿಡಿದುಕೊಂಡು ಅತ್ತೆ. ಕಾಲು ಮೆತ್ತಗಿತ್ತು.

“ಕೌದಿ ಕ್ಷಮಾ ಮಾಡೇತೇನ್ರಿ?” ಎಂದಳು ಸುಭದ್ರಾಬಾಯಿ ಹಿಂದಿನಿಂದ.

ಕೌದಿ ಎಳೆದರೆ ಒಳಗೆ ಇನ್ನೊಂದು ಕೌದಿ, ಅದರೊಳಗೆ ಎರಡು ದಿಂಬು! ಅವ್ವ ಇಲ್ಲ!

“ಅವ್ವ ಎಲ್ಲಿ?”

“ಖಾಸೀಂಬಿ ಚಾಚಿ ಮನ್ಯಾಗ.”

ಖಾಸೀಂಬಿ ಹಿತ್ತಲ ಗೋಡೆಯಾಚೆಯ ನೆರೆಯವಳು, ಅವ್ವನ ಓರಗೆಯವಳು. ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರಬಾರದು, ಪರಗಂಡಸರು ಒಳಗೆ ಹೋಗಬಾರದು ಎಂದು ಅವರಲ್ಲಿ ನೇಮ. ಇದ್ದತ್ ಎನ್ನುತ್ತಾರೆ.

“ನೀವು ಡಂಗುರದ ಮಲ್ಲಣ್ಣಗ ಕೈ ಮುಗಿದು ಸಾರು ಅಂದ್ರಲ್ಲ, ಆಗ ತಿಳೀತು ನನಗ, ಊರೆಲ್ಲಾ ಬರತದ ಅಂತ,” ಎಂದಳು. “ಅವ ಓಣಿ ದಾಟೂದ್ರಾಗ ಅತ್ತೀನ್ನ ಹಿತ್ತಲದಿಂದ ಕಳಿಸಿದೆ. ಆ ಮನೀಗೆ ಮಾತಾಡ್ಸಾಕ ಬರೋರೆಲ್ಲ ಬಂದ ಹೋಗಿ ಮುಗದದ. ಇನ್ಯಾರು ಬರತಾರ? ರೊಟ್ಟಿ ಬುಟ್ಟಿ ಗ್ವಾಡಿ ಮ್ಯಾಲ ಇಟ್ಟು ಸರೀತಿದ್ದೆ, ಚಾಚಿ ತಗೊಂಡು ಹೋಗ್ತಿದ್ದಳು.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಅದಕ್ಕೂ ಡಂಗುರ ಹೊಡಿಸ್ತಿದ್ರಿ.”

ಜೀಪು ಹೊರಳುವುದರೊಳಗೆ ನಾನು ಅಗಸಿ ಮುಟ್ಟಿದ್ದೆ. ಜೀವಮಾನದಲ್ಲಿ ಅಷ್ಟು ಓಡಿದವನಲ್ಲ! ಮಾವ ಕೊಟ್ಟ ಕೋಲು ಅಡ್ಡ ಹಿಡಿದೇ ಜೀಪು ನಿಲ್ಲಿಸಿದೆ. ಡಾಕ್ಟರರು ಒಳಗೆ ಹೋಗುವಂತಿರಲಿಲ್ಲ. ನರ್ಸಬಾಯಿ ಖಾಸೀಂಬಿಯ ಮನೆಗೆ ಹೋದಳು. ಪರದೆಯ ಹೊರಗೆ ನಾನೂ ಡಾಕ್ಟರರೂ ನಿಂತೆವು. ಒಳಗಿಂದ ಇಬ್ಬರು ಮುದುಕಿಯರು ನಗುವ ಸಪ್ಪಳ ಬಂತು. ಅವರಿಬ್ಬರಿಗೆ ಈ ದಿನಗಳು ಸುಖವಾಗಿ ಕಳೆದಿದ್ದವು ಎಂದು ಕಾಣುತ್ತದೆ.

ನರ್ಸಬಾಯಿ ಹೊರಗೆ ಬಂದು, “ಒಂದು ಗೆರಿ ಕೂಡ ಕೆಂಪಿಲ್ಲ ಸರ್,” ಎಂದಳು.

ಡಾಕ್ಟರರು ಅವ್ವನನ್ನು ಅಲ್ಲಿಂದಲೇ ಜೀಪಿಗೆ ಹತ್ತಿಸಿಕೊಂಡರು. ಶಿಬಿರ ಶುರುವಾಗುವ ತನಕ ಬೇರೆ ಕೋಣೆಯಲ್ಲಿ ಇಟ್ಟು ನೋಡುತ್ತೇವೆ ಎಂದರು. “ಜೊತೆಗೆ ಬರೋದು ಬೇಡ,” ಎಂದು ನನಗೂ ಸುಭದ್ರಾಬಾಯಿಗೂ ಸೇರಿಸಿಯೇ ಹೇಳಿದರು. ಅವಳ ಕಣ್ಣೂ ಆಗ ಕೆಂಪಾಗತೊಡಗಿದ್ದವು. ಅವ್ವ ಜೀಪಿನಲ್ಲಿ ಕುಳಿತು, ನನ್ನ ದನಿ ಬಂತೆಂದುಕೊಂಡ ಕಡೆಗೆ ಕೈ ಬೀಸಿದಳು. ಆ ಕಡೆ ನಾನಿರಲಿಲ್ಲ, ಎಮ್ಮೆ ಇತ್ತು. ನಾನೇ ಹೋಗಿ ಎಮ್ಮೆಯ ಪಕ್ಕ ನಿಂತೆ.

ಆಪರೇಷನ್ನು ಚೆನ್ನಾಗಿ ಆಯಿತು. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಅವ್ವ ಮನೆಗೆ ಬಂದ ದಿನ ನನ್ನ ಸಂತೋಷ ಹೇಳತೀರದು. ಧೂಳು, ಹೊಗೆ, ಮಂದಿಯ ಗದ್ದಲ ಕೆಲವು ದಿನ ತಾಗಬಾರದು ಎಂದು ಡಾಕ್ಟರರು ಬಿಗಿಯಾಗಿ ಹೇಳಿ ಕಳಿಸಿದ್ದರು. ನಾನು ಈ ಸಲ ಡಂಗುರದ ಹೆಸರೆತ್ತಲಿಲ್ಲ, ಒಬ್ಬರಿಗೂ ಒಂದು ಮಾತು ಹೇಳಲಿಲ್ಲ. ಹೇಳಬೇಕಾಗಿಯೇ ಇರಲಿಲ್ಲ. ವಾರಗಟ್ಟಲೆ ಕಣ್ಣು ಉರಿಸಿಕೊಂಡ ಊರು ಪಾಠ ಕಲಿತಿತ್ತು. ಲಾಲಸಾಬ ನಮ್ಮ ಓಣಿಯ ತಿರುವಿನವರೆಗೆ ಬಂದು, ಅಲ್ಲಿಂದಲೇ “ಅವ್ವಾರು ಆರಾಮ ಅದಾರೇನ್ರಿ?” ಎಂದು ಕೂಗಿ ಹೊರಟುಹೋದ. ಮಲ್ಲಣ್ಣ ನಮ್ಮ ಮನೆಯ ಮುಂದಿನಿಂದ ಹೋಗುವುದನ್ನೇ ಬಿಟ್ಟು, ಸುತ್ತುಹಾಕಿ ಹೋಗುತ್ತಿದ್ದ. ಯಡ್ರಾಮಿಯ ಮಾವನೂ ಬರಲಿಲ್ಲ. ಬರಬ್ಯಾಡ್ರಿ ಎನ್ನದೆಯೇ ಒಬ್ಬರೂ ಬರಲಿಲ್ಲ!

ಅವ್ವ ಮುಂಜಾನೆಯೇ ತಲೆ ಬಾಚಿಸಿಕೊಂಡು, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು, ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಕುಳಿತಿದ್ದಳು. ಮೊದಲು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ರೊಟ್ಟಿಯ ಮೇಲಿನ ಕಪ್ಪು ಚುಕ್ಕೆಗಳನ್ನು ನೋಡಿದಳು, ತಿನ್ನುವುದನ್ನು ಮರೆತು ನೋಡಿದಳು. ಗೋಡೆಯ ಮೇಲೆ ಇರುವೆಯ ಸಾಲು ಹೋಗುತ್ತಿತ್ತು. ಅದರ ಜೊತೆ ಅವಳ ನೋಟವೂ ನಿಧಾನವಾಗಿ ಮೂಲೆಯಿಂದ ಮೂಲೆಗೆ ಹೋಯಿತು. ಸೊಸೆ ನೀರು ತಂದಾಗ, ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, “ಸುಭದ್ರಾ, ನಿನ್ನ ತಲ್ಯಾಗೂ ಬಿಳಿ ಬಂತೇನವಾ?” ಎಂದು ಕೇಳಿ ನೆತ್ತಿ ಸವರಿದಳು. ನಾನು ಕಂಬಕ್ಕೊರಗಿ ಎಲ್ಲವನ್ನೂ ನೋಡುತ್ತಿದ್ದೆ. ಅವಳ ಕಣ್ಣಿನಿಂದ ನನಗೂ ಆ ಮನೆ ಹೊಸದಾಗಿ ಕಂಡಿತು. ಹೊತ್ತು ಹೇಗೆ ಹೋಯಿತೋ ಗೊತ್ತಾಗಲಿಲ್ಲ.

ಬಿಸಿಲು ಹೊಸ್ತಿಲು ದಾಟಿ ಹೋಯಿತು. ಅವ್ವ ಇನ್ನೂ ಬಾಗಿಲನ್ನೇ ನೋಡುತ್ತಿದ್ದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ಬಸವಂತಾ, ಯಾರೂ ಮಾತಾಡ್ಸಾಕ ಬರಲಿಲ್ಲೇನು?”

ನನಗೆ ಹೇಳಿಕೊಳ್ಳಲು ಇದೇ ಬೇಕಿತ್ತು! ಎದೆ ಮುಂದೆ ಮಾಡಿ ನಿಂತೆ.

“ಇಲ್ಲವ್ವ, ಒಬ್ಬರೂ ಬಂದಿಲ್ಲ! ಇನ್ನೂ ಹದಿನೈದು ದಿನ ಒಬ್ಬರೂ ಬರಂಗಿಲ್ಲ! ಅಫಜಲಪುರ, ಆಳಂದ, ಜೇವರ್ಗಿ ಮೂರೂ ತಾಲೂಕ ಹುಡುಕಿದರ ಇಂಥ ಶಿಸ್ತಿನ ಊರು ಸಿಗಂಗಿಲ್ಲ. ಈ ಪಡಸಾಲ್ಯಾಗ ಈಗ ನೀನು, ನಾನು, ಅಷ್ಟ!”

ಅವ್ವ ಆ ದಪ್ಪ ಗಾಜಿನ ಹಿಂದಿನಿಂದ ನನ್ನ ಮುಖವನ್ನು ಹಣೆಯಿಂದ ಗದ್ದದವರೆಗೆ ನಿಧಾನವಾಗಿ ನೋಡಿದಳು. ಬಾಗಿಲ ಕಡೆ ನೋಡಿದಳು. ಮತ್ತೆ ನನ್ನನ್ನು ನೋಡಿದಳು.

“ಹಂಗಾರ, ಇಷ್ಟೆಲ್ಲಾ ತ್ರಾಸ ತಗೊಂಡು ಕಣ್ಣ ಮಾಡಿಸ್ಕೊಂಡಿದ್ದು,” ಎಂದಳು, “ನಿನ್ನ ಒಂದ ಮಾರಿ ನೋಡಾಕೇನೋ ತಮ್ಮಾ?”